ಮೃದುಚಿಪ್ಪಿನ ಆಮೆಗಳನ್ನು ಗುರುತಿಸುವ ಬಗೆ

‘ಇದು ಯಾವ ಆಮೆ?’ ಎಂದು ಕೇಳಿದರೆ ‘ನೀರಾಮೆ’ ಎಂಬ ಉತ್ತರವೇ ನಮ್ಮಲ್ಲಿ ಸಾಮಾನ್ಯವಾಗಿ ದೊರೆಯುವುದು. ಕರ್ನಾಟಕದ ಕೆರೆ ಹೊಳೆಗಳಲ್ಲಿರುವ ಗಟ್ಟಿಚಿಪ್ಪಿನ ಕರಿಯಾಮೆಯನ್ನು ಯಾರಾದರೂ ಬೇರ್ಪಡಿಸಬಲ್ಲರು. ತೊಡಕಿರುವುದು, ಬೆನ್ನಿನ ಮೇಲೆ ಕೊಂಬಿನಂಥ ಫಲಕಗಳಿಲ್ಲದೆ ಬರಿಯ ಚರ್ಮವನ್ನು ಹೊದ್ದಿರುವ ಮೃದುಚಿಪ್ಪಿನ ಆಮೆಗಳಲ್ಲಿ. ಇವುಗಳಲ್ಲಿ ಎರಡನ್ನು ಇಲ್ಲಿ ತೆಗೆದುಕೊಳ್ಳೋಣ. ಒಂದನ್ನು ಮುಚ್ಚಳದ ಆಮೆಯೆಂದು ಕರೆಯಬಹುದು. ಇನ್ನೊಂದು ಲೀತನ ಆಮೆ. ಮುಂಬಯಿಯಲ್ಲಿ ವೈದ್ಯನಾಗಿದ್ದ ಲೀತನ ಹೆಸರನ್ನು 1872ರಲ್ಲಿ ಇದಕ್ಕೆ ಇಟ್ಟವನು ಜಾನ್ ಎಡ್ವರ್ಡ್ ಗ್ರೇ.

ಗಾತ್ರವನ್ನು ನೋಡಿಯೇ ತೀರ್ಮಾನಿಸಬಹುದಲ್ಲವೆ ಎಂದು ವಾಚಕರು ಕೇಳಿಯಾರು. ಲೀತನ ಆಮೆಯ ಬೆನ್ನುಚಿಪ್ಪು 60 ಸೆಂಟಿಮೀಟರನ್ನು ಮೀರಿ ಬೆಳೆಯಬಲ್ಲದು. ಮುಚ್ಚಳದ ಆಮೆಯದು ಹೆಚ್ಚೆಂದರೆ 35ರ ಆಸುಪಾಸು. ಆದರೆ ದೊಡ್ಡ ಆಮೆಯೂ ಒಂದು ಕಾಲಕ್ಕೆ ಚಿಕ್ಕದಾಗಿದ್ದುದೇ ಅಲ್ಲವೆ! ಲೋಹವನ್ನು ಗುರುತಿಸುವಾಗ ಭೌತಶಾಸ್ತ್ರದವರಾದ ನಾವು ಅದರ ತೂಕವನ್ನು ನಂಬುವುದಿಲ್ಲ, ಸಾಂದ್ರತೆಯನ್ನು ನೋಡುತ್ತೇವೆ. ತುಂಡು ಎಷ್ಟೇ ಚಿಕ್ಕದಾದರೂ ಅದು ಬದಲಾಗದು. ಆಮೆಯಲ್ಲಿಯೂ ಅಂಥ ಲಕ್ಷಣವನ್ನೇ ಅರಸಬೇಕು. ಬಣ್ಣ ಈ ಪರೀಕ್ಷೆಯಲ್ಲಿ ತೇರ್ಗಡೆಯಾಗುವುದಿಲ್ಲ. ಲೀತನ ಆಮೆಯ ಮರಿಗೆ ಬೆನ್ನಿನ ಮೇಲೆ ನಾಲ್ಕರಿಂದ ಆರು ಕಣ್ಣಿನಾಕಾರದ ಬೊಟ್ಟುಗಳಿರುತ್ತವೆ. ವಯಸ್ಸಾದಂತೆ ಅವು ಮಾಸಿಹೋಗುತ್ತವೆ. ಉಳಿದುದನ್ನು ಕೆಸರು ಪಾಚಿಗಳು ಮರೆಮಾಡುತ್ತವೆ.

ನಂಬತಕ್ಕ ಗುರುತು ಹೊಟ್ಟೆಯ ಕಡೆಗಿದೆ. ಮುಚ್ಚಳದ ಆಮೆಯ ಕೆಳಚಿಪ್ಪಿನ ಹಿಂಭಾಗದಲ್ಲಿ ಎರಡು ಚರ್ಮದ ಮುಚ್ಚಳಗಳಿವೆ. ಹಿಂಗಾಲುಗಳನ್ನು ಒಳಗೆಳೆದುಕೊಂಡೊಡನೆ ಇವು ಕದವಿಕ್ಕಿದಂತೆ ಅವನ್ನು ಮುಚ್ಚಿಬಿಡುತ್ತವೆ. ಮರಿಗೂ ಮುದಿ ಆಮೆಗೂ ಇದು ಸಮಾನ. ಲೀತನ ಆಮೆಗೆ ಈ ಸೌಕರ್ಯವಿಲ್ಲ. ಬೆನ್ನುಚಿಪ್ಪಿನ ಹಿಂದಿನ ಅಂಚಿನಲ್ಲಿಯೂ ವ್ಯತ್ಯಾಸವುಂಟು: ಮುಚ್ಚಳದ ಆಮೆಯಲ್ಲಿ ಚರ್ಮದಡಿ ಸಣ್ಣ ಮೂಳೆಗಳ ಸಾಲಿದೆ, ಲೀತನ ಆಮೆಯಲ್ಲಿ ಅಂಚೆಲ್ಲವೂ ಬಳುಕುವ ಚರ್ಮವೇ. ಒತ್ತಿ ನೋಡುವ ಸಾಹಸ ಮಾತ್ರ ಬೇಡ. ಇವುಗಳ ಕತ್ತು ಉದ್ದ, ಕಡಿತ ಬಲು ಬಿರುಸು.

ಲೀತನ ಆಮೆಯನ್ನು ಗಂಗೆಯ ಮೃದುಚಿಪ್ಪಿನ ಆಮೆಯಿಂದ ಬೇರ್ಪಡಿಸುವುದು ಇಷ್ಟು ಸುಲಭವಲ್ಲ. ಎರಡಕ್ಕೂ ಮುಚ್ಚಳಗಳಿಲ್ಲ, ಎರಡರ ತಲೆಯ ಮೇಲೂ ಕಪ್ಪು ಓರೆಗೆರೆಗಳಿವೆ. ಇಲ್ಲಿ ನೆರವಿಗೆ ಬರುವುದು ನದಿ. ಒಂದು ಗಂಗೆ, ಸಿಂಧು, ಮಹಾನದಿಗಳದು. ಇನ್ನೊಂದು ಗೋದಾವರಿ, ಕೃಷ್ಣಾ, ಕಾವೇರಿಗಳದು. ಆದರೆ ಕಳ್ಳಸಾಗಣೆಯ ಮೂಟೆಯಲ್ಲಿ ಸಿಕ್ಕ ಆಮೆ ತನ್ನ ನದಿ ಯಾವುದೆಂದು ಹೇಳಬಲ್ಲುದೆ? ಅದನ್ನು ಸಮೀಪದ ಹೊಳೆಗೆ ಬಿಡುವುದು ದಯೆಯಂತೆ ಕಂಡರೂ, ಪರಸ್ಥಳದ ತಳಿಯನ್ನೂ ರೋಗವನ್ನೂ ನಮ್ಮ ನೀರಿಗೆ ಸೇರಿಸಿದಂತಾದೀತು. ಬೆನ್ನಿನ ಮೇಲೆ ಹಳದಿ ಚುಕ್ಕೆಗಳುಳ್ಳ ಮುಚ್ಚಳದ ಆಮೆಯು ಉತ್ತರದ ಉಪಜಾತಿ; ನಮ್ಮ ಕಡೆಯದಕ್ಕೆ ಆ ಚುಕ್ಕೆಗಳಿಲ್ಲ. ಅದನ್ನು ತುಂಗಭದ್ರೆಗೆ ಬಿಡಲಾಗದು.

ಲೀತನ ಆಮೆಯಾದರೋ ಅಳಿವಿನ ತೀರ ಅಂಚಿನಲ್ಲಿದೆ. 2022ರಲ್ಲಿ ಪನಾಮಾದಲ್ಲಿ ಸೇರಿದ ವನ್ಯಜೀವಿ ವ್ಯಾಪಾರ ಸಮ್ಮೇಳನವು, ಭಾರತದ ಪ್ರಸ್ತಾವದಂತೆ, ಇದನ್ನು ಅತ್ಯಂತ ಕಠಿಣ ನಿರ್ಬಂಧದ ಪಟ್ಟಿಗೆ ಸೇರಿಸಿತು. ವಾಚಕರಿಗೆ ಇಂಥ ಆಮೆ ಎಲ್ಲಿಯಾದರೂ ಕಂಡಲ್ಲಿ ಹಿಡಿಯದೆ, ಮನೆಗೆ ಒಯ್ಯದೆ, ಅರಣ್ಯ ಇಲಾಖೆಗೆ ತಿಳಿಸಬೇಕು. ಛಾಯಾಚಿತ್ರ ತೆಗೆಯುವುದಾದರೆ ತಲೆಯದೂ ಬೆನ್ನಿನದೂ ಬೇಕು. ಯಾವ ಹೊಳೆ, ಯಾವ ದಡ ಎಂಬುದನ್ನೂ ಅಲ್ಲಿಯೇ ಬರೆದಿಟ್ಟುಕೊಳ್ಳಬೇಕು.