ಸೋಲಿನ ಹೆಸರಿನ ಅಂಗಿ
ನಮ್ಮಪ್ಪನ ಗರಡಿಯಲ್ಲಿ ಉಡುಪು ಅಂದರೆ ಲಂಗೋಟಿ, ಅಷ್ಟೇ. ಉಳಿದದ್ದನ್ನು ಕೆಮ್ಮಣ್ಣೇ ಮುಚ್ಚುತ್ತಿತ್ತು. ಹಾಗಾಗಿ ಮಗ ‘ಟ್ಯಾಪೌಟ್’ ಎಂದು ಬರೆದ ಟೀ-ಶರ್ಟ್ ತಂದಾಗ ನನಗೆ ನಗು. ಬೆನ್ನು ನೆಲಕ್ಕೆ ತಾಗಿದರೆ ನಮ್ಮಲ್ಲಿ ಚಿತ್. ಮಿಕ್ಸೆಡ್ ಮಾರ್ಷಲ್ ಆರ್ಟ್ಸ್‌ನಲ್ಲಿ ಕತ್ತೋ ತೋಳೋ ಎದುರಾಳಿಯ ಪಟ್ಟಿನಲ್ಲಿ ಸಿಕ್ಕಿ ತಡೆಯಲಾಗದೆ, ಅಂಗೈ ತಟ್ಟಿ ‘ಸಾಕು’ ಅನ್ನುವುದೇ ಟ್ಯಾಪೌಟ್. ಸೋಲನ್ನೇ ಎದೆ ಮೇಲೆ ಬರೆದುಕೊಳ್ಳೋದಾ!

1997ರಲ್ಲಿ ಕ್ಯಾಲಿಫೋರ್ನಿಯಾದ ಸ್ಯಾನ್ ಬರ್ನಾರ್ಡಿನೊದಲ್ಲಿ ಚಾರ್ಲ್ಸ್ ಲೂಯಿಸ್ ಮತ್ತು ಗೆಳೆಯ ಡ್ಯಾನ್ ಕಾಲ್ಡ್‌ವೆಲ್ ಈ ಅಂಗಿಯ ಬ್ರ್ಯಾಂಡ್ ಶುರುಮಾಡಿದಾಗ ಕಾರಿನ ಡಿಕ್ಕಿಯೇ ಅಂಗಡಿ. ಆಗ ಮಿಕ್ಸೆಡ್ ಮಾರ್ಷಲ್ ಆರ್ಟ್ಸ್ ಕಾಳಗಕ್ಕೆ ಅಮೆರಿಕದ ಹಲವು ರಾಜ್ಯಗಳಲ್ಲಿ ನಿಷೇಧ. ಸೆನೆಟರ್ ಜಾನ್ ಮೆಕೇನ್ ಅದನ್ನು ಮನುಷ್ಯರ ಕೋಳಿ ಅಂಕ ಅಂತ ಜರೆದಿದ್ದರು. ಲೂಯಿಸ್ ಮಾತ್ರ ನಮ್ಮ ಬಯಲಾಟದ ವೇಷಧಾರಿಯಂತೆ ಮುಖಕ್ಕೆ ಬಣ್ಣ ಬಳಿದು, ‘ಮಾಸ್ಕ್’ ಅಂತ ಕರೆಸಿಕೊಂಡು, ಪಂದ್ಯ ನಡೆಯುವಲ್ಲೆಲ್ಲ ಅಂಗಿ ಹೊತ್ತು ಹೋಗುತ್ತಿದ್ದರು. ಮಾರಾಟಗಾರನಿಗಿಂತ ಅಭಿಮಾನಿಯೇ ಹೆಚ್ಚು ಅನ್ನಿಸುತ್ತದೆ ನನಗೆ.

2009ರ ಮಾರ್ಚ್‌ನಲ್ಲಿ ಅವರು ಕಾರು ಅಪಘಾತದಲ್ಲಿ ತೀರಿಕೊಂಡರು. ಅದೇ ವರ್ಷ, ಈ ಕಾಳಗ ನಡೆಸುವ ಸಂಸ್ಥೆ ಯುಎಫ್‌ಸಿ ತನ್ನ ಹಾಲ್ ಆಫ್ ಫೇಮ್‌ಗೆ ಅವರನ್ನು ಸೇರಿಸಿಕೊಂಡಿತು; ಕಣಕ್ಕಿಳಿಯದವರೊಬ್ಬರಿಗೆ ಆ ಗೌರವ ಸಂದದ್ದು ಅದೇ ಮೊದಲು. ಮರುವರ್ಷ ಬ್ರ್ಯಾಂಡ್ ಬೇರೆ ಕಂಪನಿಯೊಂದರ ಕೈಸೇರಿತು.