ವೀಸಾ ಸಿಗಲಿಲ್ಲ, ಉರುಮೆ ಸಿಕ್ಕಿತು

"ಇದು ಯಾವ ಅಮ್ಮನ ಜಾತ್ರೆದು ಸಾರ್?"

ಹಿರಿಯೂರು ಸೀಮೆಯ ಒಂದು ಹಳ್ಳಿ. ಮಾರಮ್ಮನ ಗುಡಿಯ ಪಕ್ಕದ ಹುಣಸೆ ಮರದ ನೆರಳಲ್ಲಿ ಉರುಮೆ ತಂಡದ ಹಿರಿಯರೊಬ್ಬರು ನನ್ನ ಹೆಡ್‌ಫೋನನ್ನು ಎರಡೂ ಅಂಗೈಯಿಂದ ಕಿವಿಗೆ ಒತ್ತಿಕೊಂಡು ಹೀಗೆ ಕೇಳಿದರು. ಅವರು ಕೇಳುತ್ತಿದ್ದುದು ಲಂಡನ್ನಿನ ಎಂ.ಐ.ಎ. ಹಾಡಿದ 'ಬಾಯ್ಜ್'. 2007ರ ಆಗಸ್ಟ್‌ನಲ್ಲಿ ಬಂದ 'ಕಲಾ' ಎಂಬ ಹಿಪ್‌ಹಾಪ್ ಆಲ್ಬಂನ ಮೂರನೆಯ ಹಾಡು. ಆ ವರ್ಷದ ಅತ್ಯುತ್ತಮ ಆಲ್ಬಂಗಳ ಪಟ್ಟಿಯಲ್ಲಿ ಅಮೆರಿಕದ 'ರೋಲಿಂಗ್ ಸ್ಟೋನ್' ಪತ್ರಿಕೆ ಇದಕ್ಕೆ ಮೊದಲ ಸ್ಥಾನ ಕೊಟ್ಟಿತ್ತು. ಆ ಗೌರವದ ಸುದ್ದಿ ಹುಣಸೆ ಮರದಡಿಗೆ ಬಂದಿರಲಿಲ್ಲ. ಬರಬೇಕಾದ ಅಗತ್ಯವೂ ಇರಲಿಲ್ಲ ಅನ್ನಿ. ಯಜಮಾನರು ಒಂದೇ ನಿಮಿಷದಲ್ಲಿ ಆ ಹಾಡಿನ ಕುಲ ಪತ್ತೆ ಮಾಡಿದ್ದರು.

"ಜಾತ್ರೆದಲ್ಲ ಯಜಮಾನ್ರೇ, ಇದು ಇಂಗ್ಲಿಷ್ ಹಾಡು" ಎಂದೆ.

"ಹಾಡು ಯಾವುದಾದ್ರೂ ಆಗ್ಲಿ, ವಾದ್ಯ ನಮ್ದೇ ಅಲ್ವಾ" ಎಂದು ಹೆಡ್‌ಫೋನ್ ತೆಗೆಯದೆ ಕಣ್ಣು ಮುಚ್ಚಿದರು.

ನಾನು ಅಲ್ಲಿಗೆ ಹೋದದ್ದು ಜಾತ್ರೆ ನೋಡಲು. ಆದರೆ ಫೋನಿನಲ್ಲಿ ಈ ಆಲ್ಬಂ ತುಂಬಿಕೊಂಡು ಹೋದದ್ದು ಆಕಸ್ಮಿಕವಲ್ಲ. 'ಕಲಾ'ದ ಬೆನ್ನೆಲುಬಾಗಿರುವ ಬಡಿತ ಚೆನ್ನೈನಲ್ಲಿ ಧ್ವನಿಮುದ್ರಿಸಿದ ಉರುಮಿ ಮೇಳದ್ದು. ತಮಿಳರ ಉರುಮಿಯೂ ಚಿತ್ರದುರ್ಗ, ತುಮಕೂರು ಕಡೆಯ ನಮ್ಮ ಉರುಮೆಯೂ ದಾಯಾದಿಗಳು ಎಂದು ಗೆಳೆಯರ ಮುಂದೆ ಎಷ್ಟೋ ಸಲ ವಾದಿಸಿದ್ದೇನೆ. ರಾಕ್ ಕೇಳುವವರಿಗೆ ಉರುಮೆ ಬೇಡ, ಜಾನಪದ ತಜ್ಞರಿಗೆ ಎಂ.ಐ.ಎ. ಬೇಡ. ಹಾಗಾಗಿ ಬಾರಿಸುವವರ ಕಿವಿಗೇ ಒಪ್ಪಿಸಿಬಿಡೋಣ ಅನ್ನಿಸಿತ್ತು.

ಉರುಮೆಯನ್ನು ಹತ್ತಿರದಿಂದ ನೋಡದವರಿಗಾಗಿ ಎರಡು ಮಾತು. ನಡು ಸಣ್ಣಗಿರುವ, ಎರಡು ಮುಖದ ಚರ್ಮವಾದ್ಯವಿದು. ಕೊರಳಿಗೆ ತೂಗುಹಾಕಿಕೊಂಡು ಒಂದು ಮುಖಕ್ಕೆ ಸಪೂರ ಕಡ್ಡಿಯಿಂದ ಬಡಿಯುತ್ತಾರೆ. ಇನ್ನೊಂದು ಮುಖಕ್ಕೆ ಬಾಗಿದ ಕೋಲನ್ನು ಒತ್ತಿ ಉಜ್ಜುತ್ತಾರೆ. ಆಗ ಚರ್ಮದಿಂದ ಹೊರಡುವ ಸದ್ದು ಬಡಿತವೂ ಅಲ್ಲ, ಸ್ವರವೂ ಅಲ್ಲ. ಒತ್ತಡ ಹೆಚ್ಚುಕಡಿಮೆಯಾದ ಹಾಗೆ ಏರುತ್ತ ಇಳಿಯುತ್ತ ಹೋಗುವ ಒಂದು ಗುಟುರು. ದೇವರು ಮೈಮೇಲೆ ಬರುವುದಕ್ಕೆ ಆ ಗುಟುರೇ ಕಾರಣ ಎಂದು ನಂಬುವವರು ಇವತ್ತಿಗೂ ಇದ್ದಾರೆ. ನಾನು ನಂಬುವುದಿಲ್ಲ. ಆದರೆ ಹತ್ತು ಉರುಮೆಗಳ ನಡುವೆ ನಿಂತಾಗ ಹೊಟ್ಟೆಯೊಳಗೆ ಏನೋ ಕದಲುವುದಂತೂ ನಿಜ.

ಅಷ್ಟರಲ್ಲಿ ತಂಡದ ಉಳಿದವರೂ ಸುತ್ತ ಸೇರಿದರು. ಹೆಡ್‌ಫೋನ್ ಒಂದೇ. ಫೋನಿನ ಸ್ಪೀಕರಿನಲ್ಲೇ ಹಾಕಿದೆ. ತಮಟೆಯ ಹುಡುಗನೊಬ್ಬ ಮುಖ ಸಿಂಡರಿಸಿ, "ಕಡ್ಡಿ ಸದ್ದು ಕೇಳ್ತದೆ, ಉರುಮೆನೇ ಇಲ್ಲ" ಎಂದ. ಅವನು ಹೇಳಿದ್ದು ಸರಿ. ಉಜ್ಜುವ ಮುಖದ ತಗ್ಗು ದನಿಯನ್ನು ಹೊರಡಿಸುವ ಶಕ್ತಿ ಅಷ್ಟು ಚಿಕ್ಕ ಸ್ಪೀಕರಿಗೆ ಇರುವುದಿಲ್ಲ. ಈ ಆಲ್ಬಂ ಬರೀ ಗದ್ದಲ ಎನ್ನುವವರಲ್ಲಿ ಎಷ್ಟು ಮಂದಿ ಅದನ್ನು ಫೋನಿನಲ್ಲೇ ಕೇಳಿ ತೀರ್ಪು ಕೊಟ್ಟಿದ್ದಾರೋ!

ಉಪಾಯ ಹೊಳೆದದ್ದು ಮೈಕ್‌ಸೆಟ್ ಹುಡುಗನಿಗೆ. ಗುಡಿಯ ಮುಂದೆ ಆಳೆತ್ತರದ ಬಾಕ್ಸ್‌ಗಳನ್ನು ಪೇರಿಸಿದ್ದ. ಪೂಜೆಗೆ ಇನ್ನೂ ಹೊತ್ತಿತ್ತು. ನನ್ನ ಫೋನಿಗೆ ವಯರ್ ಸಿಕ್ಕಿಸಿಯೇ ಬಿಟ್ಟ. ಮಾರಮ್ಮನ ಅಂಗಳದಲ್ಲಿ 'ಬಾಯ್ಜ್' ಮೊಳಗಿತು. ಬೆಂಡು ಬತ್ತಾಸಿನ ಅಂಗಡಿಯವರು ತಿರುಗಿ ನೋಡಿದರು, ಮಕ್ಕಳು ಓಡಿ ಬಂದು ಕುಣಿಯತೊಡಗಿದರು. ಪೂಜಾರಪ್ಪ ಒಳಗಿನಿಂದ ಇಣುಕಿ ಏನೂ ಅನ್ನದೆ ಹಿಂತಿರುಗಿದರು. ಅದನ್ನು ಒಪ್ಪಿಗೆಯೆಂದೇ ತಿಳಿದು ನಾನು ಎರಡನೆಯ ಹಾಡು 'ಬರ್ಡ್ ಫ್ಲೂ'ವನ್ನೂ ಹಾಕಿಸಿದೆ. ಮೇಳದ ಬಡಿತ ಇನ್ನೂ ಬೆತ್ತಲಾಗಿ ಕೇಳಿಸುವುದು ಅದರಲ್ಲೇ. ಅಲ್ಲಿ ಸ್ವರಮೇಳವೂ ಇಲ್ಲ, ಕಿವಿಗೆ ಹಿತವಾಗುವ ಪಲ್ಲವಿಯೂ ಇಲ್ಲ. ಚರ್ಮ, ಕಡ್ಡಿ, ಮಕ್ಕಳ ಕೇಕೆ, ಅದರ ಮೇಲೆ ಒಂದು ಹೆಣ್ಣಿನ ಜಗಳಗಂಟಿ ದನಿ.

ಯಜಮಾನರು ಬಾಕ್ಸಿಗೆ ಕಿವಿ ತಾಗಿಸುವಷ್ಟು ಹತ್ತಿರ ನಿಂತು ಕೇಳಿ, ವಾಪಸು ಬಂದು ಬೀಡಿ ಹಚ್ಚಿದರು.

"ಬಾರಿಸೋರು ಗಟ್ಟಿಗರು. ಆದ್ರೆ ಉಜ್ಜೋದು ಕಮ್ಮಿ ಮಾಡವ್ರೆ ಸಾರ್, ಬರೀ ಬಡಿಯೋದೇ ಆಗೈತೆ. ಉರುಮೆ ಅಂದ್ರೆ ನರಳಬೇಕು."

ಈ ಆಲ್ಬಂ ಕುರಿತು ನಾನು ಓದಿದ ವಿಮರ್ಶೆಗಳಲ್ಲಿ ಇಷ್ಟು ಖಚಿತವಾದ ಮಾತು ಇನ್ನೊಂದಿಲ್ಲ. ಈ ಹಾಡುಗಳನ್ನು ಆಕೆಯ ಜೊತೆ ಕಟ್ಟಿದ, ಸ್ವಿಚ್ ಎಂಬ ಹೆಸರಿನಲ್ಲಿ ಕೆಲಸ ಮಾಡುವ ಲಂಡನ್ನಿನ ನಿರ್ಮಾಪಕನ ಕಿವಿ ಕ್ಲಬ್ಬುಗಳಲ್ಲಿ ಪಳಗಿದ್ದು. ಅವನಿಗೆ ಬೇಕಾದದ್ದು ಕಾಲು ಕುಣಿಸುವ ಹೊಡೆತ. ಗುಟುರನ್ನು ಅವನು ತೆಗೆದುಹಾಕಲಿಲ್ಲ, ಹಿಂದಕ್ಕೆ ತಳ್ಳಿದ. ಯಜಮಾನರ ಮಾತು ಕೇಳಿದ ಮೇಲೆ ನನಗೂ 'ಬಾಯ್ಜ್'ನಲ್ಲಿ ಆ ಕೊರತೆ ಕೇಳಿಸುತ್ತದೆ, ಏನು ಮಾಡಲಿ.

ಈ ಮೇಳ ಲಂಡನ್ನಿನ ರ್‍ಯಾಪ್ ಆಲ್ಬಂಗೆ ಬಂದು ಸೇರಿದ ಕಥೆಯನ್ನು ಅವರಿಗೆ ಹೇಳಿದ ಹಾಗೆಯೇ ಇಲ್ಲೂ ಚುಟುಕಾಗಿ ಹೇಳುತ್ತೇನೆ. ಎಂ.ಐ.ಎ. ಅಂದರೆ ಮಾತಂಗಿ ಅರುಳ್‌ಪ್ರಗಾಸಂ, ಮನೆಯವರಿಗೆ ಮಾಯಾ. 1975ರಲ್ಲಿ ಲಂಡನ್ನಿನಲ್ಲಿ ಹುಟ್ಟಿ, ಕೂಸಾಗಿದ್ದಾಗಲೇ ಜಾಫ್ನಾಕ್ಕೆ ಹೋಗಿ, ಯುದ್ಧದ ನಡುವೆ ಕೆಲಕಾಲ ಮದರಾಸಿನಲ್ಲೂ ಇದ್ದು, ನಿರಾಶ್ರಿತರಾಗಿ ಮತ್ತೆ ಲಂಡನ್ ಸೇರಿದವರು. ತಂದೆ ಈಳಂ ಹೋರಾಟದ ಒಂದು ಸಂಘಟನೆಯ ಸಂಸ್ಥಾಪಕರಲ್ಲೊಬ್ಬರು. ಅವರು ಇಟ್ಟುಕೊಂಡಿದ್ದ 'ಅರುಳರ್' ಎಂಬ ಹೆಸರೇ 2005ರ ಮೊದಲ ಆಲ್ಬಂನ ಹೆಸರಾಯಿತು. ಎರಡನೆಯದಕ್ಕೆ ತಾಯಿ ಕಲಾ ಅವರ ಹೆಸರು. ಅದನ್ನು ಅಮೆರಿಕಕ್ಕೆ ಹೋಗಿ ಟಿಂಬಲೆಂಡ್ ಎಂಬ ದೊಡ್ಡ ನಿರ್ಮಾಪಕನ ಜೊತೆ ಮಾಡುವ ಯೋಜನೆಯಿತ್ತು. 2006ರಲ್ಲಿ ಅಮೆರಿಕದ ವೀಸಾ ಸಿಗಲಿಲ್ಲ. ಆಕೆ ಭಾರತ, ಟ್ರಿನಿಡಾಡ್, ಜಮೈಕಾ, ಲೈಬೀರಿಯಾ, ಆಸ್ಟ್ರೇಲಿಯಾ ಎಂದು ಸುತ್ತಿ, ಹೋದಲ್ಲೆಲ್ಲ ಸಿಕ್ಕಿದ್ದನ್ನು ಮುದ್ರಿಸಿಕೊಂಡರು. ಚೆನ್ನೈನಲ್ಲಿ ಎ.ಆರ್. ರೆಹಮಾನ್ ತಮ್ಮ ಸ್ಟುಡಿಯೊದ ಬಾಗಿಲು ತೆರೆದರು. ಉರುಮಿಯವರು ಬಂದದ್ದು ಅಲ್ಲಿಗೆ.

"ಅವರಿಗೆ ಎಷ್ಟು ಕೊಟ್ರಂತೆ?" ಎಂದರು ಯಜಮಾನರು.

ಉತ್ತರ ನನ್ನ ಬಳಿ ಇರಲಿಲ್ಲ. ಆದರೆ ಪ್ರಶ್ನೆ ಸರಿಯಾದ ಜಾಗಕ್ಕೇ ಬಿದ್ದಿತ್ತು. ಇದೇ ಆಲ್ಬಂನ ಅತಿ ಪ್ರಸಿದ್ಧ ಹಾಡು 'ಪೇಪರ್ ಪ್ಲೇನ್ಸ್'. ಬ್ರಿಟನ್ನಿನ ಪಂಕ್ ತಂಡ 'ದ ಕ್ಲ್ಯಾಶ್' 1982ರಲ್ಲಿ ಹಾಡಿದ 'ಸ್ಟ್ರೈಟ್ ಟು ಹೆಲ್' ಹಾಡಿನ ತುಣುಕಿನ ಮೇಲೆ ಅದನ್ನು ಕಟ್ಟಲಾಗಿದೆ. ಹಾಗಾಗಿ ಕ್ಲ್ಯಾಶ್‌ನ ನಾಲ್ವರೂ ಆ ಹಾಡಿನ ರಚನಕಾರರ ಪಟ್ಟಿಯಲ್ಲಿದ್ದಾರೆ, ಹಾಡು ಮೊಳಗಿದಾಗಲೆಲ್ಲ ಅವರಿಗೆ ಪಾಲು ಸಲ್ಲುತ್ತದೆ. ಇದು ನ್ಯಾಯವೇ. ಆದರೆ ಹಕ್ಕುಸ್ವಾಮ್ಯದ ಲೆಕ್ಕದಲ್ಲಿ ರಾಗಕ್ಕೆ, ಸಾಹಿತ್ಯಕ್ಕೆ ಒಡೆಯರಿದ್ದಾರೆ. ತಲೆಮಾರುಗಳಿಂದ ಬಂದ ಬಡಿತಕ್ಕೆ ಒಡೆಯರಿಲ್ಲ. ಬಾರಿಸಿದವರಿಗೆ ಸಿಗುವುದು ಸಾಮಾನ್ಯವಾಗಿ ಆ ದಿನದ ಸಂಭಾವನೆ, ಅಷ್ಟೆ. ಹಿಪ್‌ಹಾಪ್‌ನ ಚರಿತ್ರೆ ಶುರುವಿನಿಂದಲೂ ಹೀಗೇ. 1969ರಲ್ಲಿ 'ದ ವಿನ್‌ಸ್ಟನ್ಸ್' ತಂಡದ ಡ್ರಮ್ಮರ್ ಗ್ರೆಗರಿ ಕೋಲ್ಮನ್ ಬಾರಿಸಿದ ಕೆಲವೇ ಸೆಕೆಂಡುಗಳ ಒಂದು ತುಂಡು 'ಆಮೆನ್ ಬ್ರೇಕ್' ಎಂಬ ಹೆಸರಿನಲ್ಲಿ ಸಾವಿರಾರು ಹಾಡುಗಳಿಗೆ ತಳಪಾಯವಾಯಿತು. ಅವರಿಗೆ ಅದರಿಂದ ಒಂದು ಕಾಸಿನ ರಾಯಲ್ಟಿಯೂ ಬರಲಿಲ್ಲ. ಬಡವರ ಹಾಡು ಕಟ್ಟುತ್ತೇನೆ ಎಂದು ಹೊರಟ ಆಲ್ಬಂ ಬಡಿತದವರ ವಿಷಯದಲ್ಲಿ ಇದಕ್ಕಿಂತ ಬೇರೆ ದಾರಿ ಹುಡುಕಬಹುದಿತ್ತು ಅನ್ನುವುದು ನನ್ನ ತಕರಾರು.

ತಕರಾರು ಇದ್ದೂ ಪ್ರೀತಿ ಹೋಗುವುದಿಲ್ಲ. ಯಾಕೆ ಅಂದರೆ, 'ಫ್ಯೂಷನ್' ಎಂಬ ಹಣೆಪಟ್ಟಿಯಲ್ಲಿ ನಮಗೆ ದಶಕಗಳಿಂದ ಬಡಿಸುತ್ತಿರುವುದು ಹೆಚ್ಚಾಗಿ ಪಾಶ್ಚಾತ್ಯ ಡ್ರಮ್ಸ್ ಮೇಲೆ ಅಲಂಕಾರಕ್ಕೆಂದು ಉದುರಿಸಿದ ಸಿತಾರು, ತಬಲಾ. 'ಕಲಾ'ದಲ್ಲಿ ಉರುಮಿ ಅಲಂಕಾರವಲ್ಲ. ಅದೇ ಅಡಿಪಾಯ, ಕಂಪ್ಯೂಟರಿನ ಸದ್ದುಗಳು ಅದರ ಮೇಲೆ ಅಲಂಕಾರವಾಗಿ ಬರುತ್ತವೆ.

ಆಲ್ಬಂನ ಮೊದಲ ಹಾಡು 'ಬಾಂಬೂ ಬಾಂಗಾ' ಕೇಳಿದಾಗ ನನ್ನ ಪಕ್ಕದಲ್ಲಿದ್ದ ತಮಟೆ ಹುಡುಗ ತಟ್ಟನೆ, "ಇದು ರಜನೀದು" ಎಂದ. ಹೌದು, 1991ರ 'ದಳಪತಿ' ಚಿತ್ರದಲ್ಲಿ ಎಸ್ಪಿಬಿ, ಯೇಸುದಾಸ್ ಕೂಡಿ ಹಾಡಿದ 'ಕಾಟ್ಟುಕ್ಕುಯಿಲು', ಇಳಯರಾಜಾ ಸಂಗೀತ. ಭಾಗಶಃ ನಮ್ಮ ಮೇಲುಕೋಟೆಯಲ್ಲಿ ಚಿತ್ರೀಕರಣಗೊಂಡ ಸಿನಿಮಾ. 'ಬಾಂಬೂ ಬಾಂಗಾ'ದ ಸಾಲುಗಳಲ್ಲಿ ಅಮೆರಿಕದ ಜೊನಾಥನ್ ರಿಚ್‌ಮನ್‌ನ 'ರೋಡ್‌ರನ್ನರ್' ಕೂಡ ಇಣುಕುತ್ತದೆ. ಕಾರಿನಲ್ಲಿ ಹೆದ್ದಾರಿ ಸುತ್ತುವ ಹುಡುಗನ ಆ ಹಾಡು ಇಲ್ಲಿ ಕಾರಿನ ಬಾಗಿಲು ತಟ್ಟುವವರ ಹಾಡಾಗಿದೆ.

ನನಗೆ ಅತಿ ಮೋಜೆನಿಸುವುದು ನಾಲ್ಕನೆಯದು, 'ಜಿಮ್ಮಿ'. 1982ರ 'ಡಿಸ್ಕೊ ಡ್ಯಾನ್ಸರ್' ಚಿತ್ರದಲ್ಲಿ ಪಾರ್ವತಿ ಖಾನ್ ಹಾಡಿದ, ಬಪ್ಪಿ ಲಾಹಿರಿ ಸಂಗೀತದ ಗೀತೆಗೆ ಮಾಯಾ ಚಿಕ್ಕವರಿದ್ದಾಗ ಮನೆಯ ಸಮಾರಂಭಗಳಲ್ಲಿ ಕುಣಿಯುತ್ತಿದ್ದರಂತೆ. ಅದನ್ನೇ ಮತ್ತೆ ಹಾಡಿದರು. ಆದರೆ ಬಪ್ಪಿದಾ ಆ ಧಾಟಿಯನ್ನು ಎತ್ತಿದ್ದು 'ಒಟ್ಟಾವನ್' ಎಂಬ ಫ್ರೆಂಚ್ ಡಿಸ್ಕೊ ಜೋಡಿಯ ಹಾಡಿನಿಂದ. ಪ್ಯಾರಿಸ್ಸಿನ ಡಿಸ್ಕೊ ಬೊಂಬಾಯಿಗೆ ಬಂದು ಮಿಥುನ್ ಚಕ್ರವರ್ತಿಯ ಸೊಂಟ ಸೇರಿ, ಸೋವಿಯತ್ ರಷ್ಯಾದ ಟಾಕೀಸುಗಳನ್ನು ತುಂಬಿಸಿ, ಈಳಂ ತಮಿಳರ ಮನೆಯ ಟೇಪ್‌ರೆಕಾರ್ಡರ್ ಹೊಕ್ಕು, ಕೊನೆಗೆ ಯುರೋಪಿಗೇ ಹಿಂತಿರುಗಿದೆ. ಈ ಸರಪಳಿಯಲ್ಲಿ ಮೂಲ ಯಾವುದು, ಕಳವು ಯಾವುದು ಎಂದು ತೀರ್ಮಾನಿಸಲು ಕೂತವರಿಗೆ ನನ್ನ ಅನುಕಂಪವಿದೆ. ಹಾಡಾಗಿ ನೋಡಿದರೆ, ಹೇಳಿಬಿಡುತ್ತೇನೆ, ಪಾರ್ವತಿ ಖಾನ್ ಹಾಡಿದ್ದೇ ಚೆನ್ನ.

ಉಳಿದವುಗಳಲ್ಲಿ 'ಮ್ಯಾಂಗೊ ಪಿಕಲ್ ಡೌನ್ ರಿವರ್' ಬಿಡಬಾರದ್ದು. ಆಸ್ಟ್ರೇಲಿಯಾದ ಡಾರ್ಲಿಂಗ್ ನದಿ ದಂಡೆಯ ವಿಲ್ಕ್ಯಾನಿಯಾ ಎಂಬ ಊರಿನ ಮೂಲನಿವಾಸಿ ಹುಡುಗರು ಈಜು, ಮೀನು ಹಿಡಿಯುವುದರ ಬಗ್ಗೆ ಮಾಡಿದ ರ್‍ಯಾಪ್ ಅದು. ಹಿಂದೆ ಡಿಜರಿಡೂ ಎಂಬ ಉದ್ದ ಕೊಳವೆಯ ಗುಂಯ್‌ಗುಡುವ ನಾದ. ಯಜಮಾನರಿಗೆ ಇದು ತುಂಬ ಹಿಡಿಸಿತು. "ಇಲ್ಲಿ ನರಳ್ತಾ ಐತೆ" ಎಂದರು. ಬಾಲ್ಟಿಮೋರಿನ ಕ್ಲಬ್ ಧಾಟಿಯದು, ನೈಜೀರಿಯಾ ಮೂಲದ ಲಂಡನ್ ಹುಡುಗ ಆಫ್ರಿಕನ್ ಬಾಯ್ ದನಿಗೂಡಿಸಿದ್ದು ಎಲ್ಲ ಬಂದುಹೋದವು. 'ದ ಟರ್ನ್' ಹೊತ್ತಿಗೆ ಮಕ್ಕಳು ಐಸ್‌ಕ್ಯಾಂಡಿ ಗಾಡಿಯ ಕಡೆ ಹೋಗಿದ್ದರು. ಆ ಹಾಡಿನ ಬಗ್ಗೆ ನನ್ನ ಅಭಿಪ್ರಾಯವೂ ಅದೇ.

'ಪೇಪರ್ ಪ್ಲೇನ್ಸ್' ಶುರುವಾದಾಗ ಮಕ್ಕಳು ವಾಪಸು ಬಂದರು. ಅದರ ಪಲ್ಲವಿಯಲ್ಲಿ ಬಂದೂಕಿನ ಗುಂಡು, ಗಲ್ಲಾಪೆಟ್ಟಿಗೆಯ ಸದ್ದು ಇವೆಯಲ್ಲ, ಅದು ಕೇಳಿ ಕೈಯಲ್ಲೇ ಪಿಸ್ತೂಲು ಮಾಡಿ ಆಡಿದರು. ವಲಸಿಗರೆಂದರೆ ಕಳ್ಳರು, ದೋಚುವವರು ಎಂಬ ಗುಮಾನಿಯನ್ನು ಅಣಕಿಸುವ ಹಾಡು. ವೀಸಾ ಕಿರಿಕಿರಿಯಲ್ಲಿ ಹುಟ್ಟಿದ್ದು. ಅಮೆರಿಕದ ಟಿ.ವಿ.ಯವರು ಗುಂಡಿನ ಸದ್ದನ್ನೇ ಕತ್ತರಿಸಿ ಪ್ರಸಾರ ಮಾಡಿದರು. ಒಂದು ಹಾಲಿವುಡ್ ಹಾಸ್ಯಚಿತ್ರದ ಟ್ರೇಲರಿನಲ್ಲಿ ಬಳಕೆಯಾದ ಮೇಲೆ 2008ರಲ್ಲಿ ಅದು ಬಿಲ್‌ಬೋರ್ಡ್ ಪಟ್ಟಿಯ ನಾಲ್ಕನೆಯ ಸ್ಥಾನಕ್ಕೇರಿತು. ಆಮೇಲೆ 'ಸ್ಲಮ್‌ಡಾಗ್ ಮಿಲಿಯನೇರ್'ನಲ್ಲೂ ಬಂತು, ಅದೇ ಚಿತ್ರಕ್ಕೆ ರೆಹಮಾನ್ ಜೊತೆ ಮಾಡಿದ 'ಓ ಸಾಯಾ' ಆಸ್ಕರ್‌ಗೆ ನಾಮನಿರ್ದೇಶನಗೊಂಡಿತು. ಇತ್ತೀಚೆಗೆ ಆಕೆ ಲಸಿಕೆಯ ಬಗ್ಗೆ, ಮೊಬೈಲ್ ತರಂಗಗಳ ಬಗ್ಗೆ ಆಡುವ ಮಾತುಗಳು ನನಗೆ ಕಿಂಚಿತ್ತೂ ಒಪ್ಪಿಗೆಯಿಲ್ಲ. ಹಾಡು ಬೇರೆ, ಮಾತು ಬೇರೆ ಎಂದು ಇಟ್ಟುಕೊಂಡಿದ್ದೇನೆ.

ನಮ್ಮ ಬೆಂಗಳೂರಿನ ರ್‍ಯಾಪ್ ಈ ದಾರಿಗೆ ತಡವಾಗಿ ಬಂದರೂ ಬಂದಿದೆ. ಬ್ರೋಧಾ ವಿ ರಾಮಭಜನೆಯನ್ನು ರ್‍ಯಾಪ್‌ಗೆ ಹೊಂದಿಸಿ ಹೆಸರು ಮಾಡಿದರು. ಇಲ್ಲಿಂದಲೇ ಬೆಳೆದ ಹನುಮಾನ್‌ಕೈಂಡ್ 2025ರ 'ರನ್ ಇಟ್ ಅಪ್'ನಲ್ಲಿ ಕೇರಳದ ಚೆಂಡೆಮೇಳವನ್ನೇ ಮುಂದಿಟ್ಟರು. ನಮ್ಮ ಉರುಮೆಗೂ ಅಂಥದೊಂದು ಸರದಿ ಬರಲಿ. ಸ್ಟುಡಿಯೊದಲ್ಲಿ ಕೂರುವ ಹುಡುಗರು ಒಮ್ಮೆ ಹಿರಿಯೂರು, ಚಳ್ಳಕೆರೆ ಕಡೆಯ ಬಸ್ಸು ಹತ್ತಲಿ. ಹೋದವರು ಉಜ್ಜುವ ಮುಖದ ಹತ್ತಿರವೂ ಒಂದು ಮೈಕ್ ಇಡಲಿ, ಬಾರಿಸಿದವರ ಹೆಸರನ್ನು ಹಾಡಿನ ಹೆಸರಿನ ಪಕ್ಕದಲ್ಲೇ ಹಾಕಲಿ.

'ಕಲಾ' ಕೇಳದವರು 'ಬರ್ಡ್ ಫ್ಲೂ'ದಿಂದ ಶುರು ಮಾಡಿ, ಫೋನಿನಲ್ಲಿ ಮಾತ್ರ ಬೇಡ. ಹನ್ನೊಂದನೆಯ ಹಾಡಿಗೆ ನಿಲ್ಲಿಸಿದರೂ ನಡೆದೀತು. ಹನ್ನೆರಡನೆಯದು 'ಕಮ್ ಅರೌಂಡ್', ಆಕೆ ಅಷ್ಟು ಬಯಸಿದ್ದ ಟಿಂಬಲೆಂಡ್ ಜೊತೆಗಿನ ಹಾಡು. ಇಡೀ ಆಲ್ಬಂನಲ್ಲಿ ತೀರಾ ಸಪ್ಪೆಯಾದದ್ದು ಅದೊಂದೇ.