ಹೃದಯವನ್ನು ಹೊದೆದ ಕೊಬ್ಬು

ತಕ್ಕಡಿಯ ಮೇಲೆ ನಿಂತು ತೂಕ ನೋಡಿದರೆ ದೇಹದ ಕೊಬ್ಬಿನ ಲೆಕ್ಕ ಸಿಕ್ಕಿತೆಂದು ಭಾವಿಸುವವರೇ ಹೆಚ್ಚು. ಆದರೆ ಕೊಬ್ಬು ಎಷ್ಟಿದೆಯೆಂಬುದನ್ನೇ ತಕ್ಕಡಿಯು ಸರಿಯಾಗಿ ಹೇಳಲಾರದು. ಎಲ್ಲಿದೆಯೆಂಬುದನ್ನಂತೂ ಹೇಳುವುದೇ ಇಲ್ಲ. ೨೦೦೪ರಲ್ಲಿ ಪುಣೆಯ ವೈದ್ಯ ಯಾಜ್ಞಿಕರೂ ಇಂಗ್ಲೆಂಡಿನ ಯಡ್ಕಿನ್ನರೂ ತಮ್ಮ ದೇಹಗಳನ್ನೇ ಇದಕ್ಕೆ ನಿದರ್ಶನವಾಗಿ ಒಡ್ಡಿದರು. ಎತ್ತರಕ್ಕೆ ಹೋಲಿಸಿದ ತೂಕದ ಸೂಚ್ಯಂಕ ಇಬ್ಬರಲ್ಲಿಯೂ ೨೨.೩, ಕೊಬ್ಬು ಮಾತ್ರ ಯಡ್ಕಿನ್ನರಲ್ಲಿ ನೂರಕ್ಕೆ ೯.೧, ಯಾಜ್ಞಿಕರಲ್ಲಿ ೨೧.೨!

ಇನ್ನು ‘ಎಲ್ಲಿ’ ಎಂಬ ಪ್ರಶ್ನೆ. ತೊಡೆಯಲ್ಲಿ ಸೇರಿದ ಕೊಬ್ಬಿಗಿಂತ ಹೊಟ್ಟೆಯೊಳಗೆ ಸೇರಿದ ಕೊಬ್ಬು ಮಧುಮೇಹಕ್ಕೆ ಹತ್ತಿರದ ನಂಟನೆಂಬುದು ಈಗ ಎಲ್ಲರೂ ಒಪ್ಪಿದ ವಿಷಯ. ಅದೇ ಕುಲಕ್ಕೆ ಸೇರಿದ ಇನ್ನೊಂದು ಕೊಬ್ಬು ಹೃದಯದ ಮೇಲೆಯೇ ಇದೆ. ನಾವು ಇಲ್ಲಿ ವಿಚಾರಿಸಬೇಕೆಂದಿರುವುದು ಅದನ್ನೇ.

ಹೃದಯವು ಹೃದಯಾವರಣವೆಂಬ ಚೀಲದೊಳಗೆ ಕುಳಿತಿದೆ. ಈ ಚೀಲಕ್ಕೂ ಹೃದಯದ ಸ್ನಾಯುವಿಗೂ ನಡುವೆ ಹಳದಿ ಬಣ್ಣದ ಕೊಬ್ಬಿನ ಪದರವೊಂದುಂಟು. ಆರೋಗ್ಯವಂತರಲ್ಲಿಯೂ ಅದು ಹೃದಯದ ಮೇಲ್ಮೈಯ ನೂರರಲ್ಲಿ ಸುಮಾರು ೮೦ ಭಾಗವನ್ನು ಹೊದೆದು, ಹೃದಯದ ತೂಕದಲ್ಲಿ ಸುಮಾರು ಐದರಲ್ಲೊಂದು ಪಾಲಾಗಿರುವುದು. ಆದುದರಿಂದ ಇದನ್ನು ಹುಟ್ಟುಶತ್ರುವೆಂದು ತಿಳಿಯಲಾಗದು. ಎಡೆಬಿಡದೆ ಮಿಡಿಯುವ ಹೃದಯಕ್ಕೆ ಮುಖ್ಯ ಇಂಧನವೇ ಮೇದಾಮ್ಲಗಳು. ಈ ಪದರವು ಆ ಇಂಧನದ ಉಗ್ರಾಣ. ಹೃದಯಕ್ಕೇ ರಕ್ತವನ್ನುಣಿಸುವ ಕಾರೊನರಿ ಧಮನಿಗಳಿಗೆ ಅದು ಮೆತ್ತೆಯೂ ಹೌದು.

ಇದರ ವೈಶಿಷ್ಟ್ಯವಿರುವುದು ಇದು ನೆಲೆಸಿರುವ ಸ್ಥಾನದಲ್ಲಿ. ಅಂಗಗಳನ್ನು ಸುತ್ತಲಿನ ಕೊಬ್ಬಿನಿಂದ ಬೇರ್ಪಡಿಸುವ ತೆಳುಪೊರೆಯೊಂದು ದೇಹದಲ್ಲಿ ಸಾಮಾನ್ಯ, ಇಲ್ಲಿ ಅದಿಲ್ಲ. ಕೊಬ್ಬಿನ ಕೋಶವೂ ಸ್ನಾಯುವಿನ ಕೋಶವೂ ನಡುಗೋಡೆಯಿಲ್ಲದ ಒಂದೇ ಮನೆಯ ಎರಡು ಸಂಸಾರಗಳಂತೆ, ಒಂದೇ ರಕ್ತನಾಳಗಳ ಜಾಲದಿಂದ ಪೋಷಣೆ ಪಡೆಯುತ್ತವೆ. ಒಂದರ ಒಲೆಯ ಹೊಗೆ ಇನ್ನೊಂದಕ್ಕೆ ತಪ್ಪಿದ್ದಲ್ಲ. ಉಣಿಸು ಮಿತಿಮೀರಿ ಕೊಬ್ಬಿನ ಕೋಶಗಳು ಉಬ್ಬಿದಾಗ ಅವುಗಳ ನಡುವೆ ರಕ್ಷಕಕೋಶಗಳು ಬಂದು ನೆರೆಯುತ್ತವೆ. ಉರಿಯೂತವನ್ನೆಬ್ಬಿಸುವ ರಾಸಾಯನಿಕಗಳು ಸ್ರವಿಸುತ್ತವೆ. ಇನ್ಸುಲಿನ್ನಿನ ಕೆಲಸಕ್ಕೆ ನೆರವಾಗುವ ಅಡಿಪೊನೆಕ್ಟಿನ್ ಎಂಬ ಹಾರ್ಮೋನು ಕುಗ್ಗುತ್ತದೆ. ೨೦೦೩ರಲ್ಲಿ ಮಜೂರೆಕ್ ಮತ್ತು ಸಂಗಡಿಗರು, ಕಾರೊನರಿ ಶಸ್ತ್ರಚಿಕಿತ್ಸೆಗೆ ಬಂದ ೪೨ ರೋಗಿಗಳಲ್ಲಿ ಹೃದಯದ ಮೇಲಿನ ಕೊಬ್ಬನ್ನೂ ಕಾಲಿನ ಚರ್ಮದಡಿಯ ಕೊಬ್ಬನ್ನೂ ಹೋಲಿಸಿ ನೋಡಿದರು. ಉರಿಯೂತದ ದ್ರವ್ಯಗಳು ಮೊದಲನೆಯದರಲ್ಲಿಯೇ ಹೆಚ್ಚಾಗಿದ್ದವು. ರೋಗಿಗೆ ಮಧುಮೇಹವಿರಲಿ, ಇಲ್ಲದಿರಲಿ, ಈ ವ್ಯತ್ಯಾಸ ತಪ್ಪಲಿಲ್ಲ.

ಇನ್ನೊಂದು ಸ್ವಾರಸ್ಯವಾದ ಸಂಗತಿಯಿದೆ. ಕೆಲವರಲ್ಲಿ ಕಾರೊನರಿ ಧಮನಿಯು ಕೊಬ್ಬಿನೊಳಗೆ ಹರಿಯುತ್ತಾ ಸ್ವಲ್ಪ ದೂರ ಸ್ನಾಯುವಿನೊಳಕ್ಕೆ ಇಳಿದು ಮತ್ತೆ ಮೇಲಕ್ಕೆ ಬರುವುದು. ಹೀಗೆ ಸ್ನಾಯುವಿನಲ್ಲಿ ಹುದುಗಿದ ತುಣುಕಿನ ಒಳಗೋಡೆಯಲ್ಲಿ ಜಿಡ್ಡು ಕಟ್ಟುವುದು ಬಹಳ ವಿರಳ! ಕೊಬ್ಬಿನ ಸಹವಾಸ ತಪ್ಪಿದ್ದರಿಂದಲೇ ಹೀಗೆಂದು ಕೆಲವರ ವಾದ. ಭೌತಶಾಸ್ತ್ರವನ್ನು ಬೋಧಿಸುವ ನಮಗೆ ಇಷ್ಟು ಬೇಗ ಒಪ್ಪಲು ಮನಸ್ಸಾಗದು. ಪ್ರತಿ ಮಿಡಿತಕ್ಕೂ ಸ್ನಾಯುವು ಆ ತುಣುಕನ್ನು ಹಿಂಡುವುದರಿಂದ ಅಲ್ಲಿಯ ರಕ್ತಪ್ರವಾಹದ ರೀತಿಯೇ ಬೇರೆ. ಪ್ರವಾಹವು ಗೋಡೆಯನ್ನು ಉಜ್ಜುವ ಬಲವೂ ಬೇರೆ. ಎರಡು ಕಾರಣಗಳು ಕೂಡಿರುವಲ್ಲಿ ಒಂದಕ್ಕೇ ಕೀರ್ತಿ ಕಟ್ಟುವುದು ನ್ಯಾಯವಲ್ಲ.

ಎದೆಗೂಡಿನೊಳಗಿನ ಈ ಪದರವನ್ನು ಅಳೆಯುವುದು ಹೇಗೆ? ಶ್ರವಣಾತೀತ ಧ್ವನಿಯಿಂದ. ಧ್ವನಿಯ ಸ್ಪಂದವನ್ನು ಎದೆಯೊಳಕ್ಕೆ ಕಳುಹಿಸಿದರೆ ಪದರದ ಎರಡು ಅಂಚುಗಳಿಂದಲೂ ಪ್ರತಿಧ್ವನಿ ಹಿಂದಿರುಗುವುದು. ಕೊಬ್ಬಿನಲ್ಲಿ ಧ್ವನಿಯ ವೇಗ ಸೆಕೆಂಡಿಗೆ ಸುಮಾರು ೧,೪೫೦ ಮೀಟರ್. ಪದರವು ೭ ಮಿಲಿಮೀಟರ್ ದಪ್ಪವಿದ್ದರೆ ಎರಡು ಪ್ರತಿಧ್ವನಿಗಳ ನಡುವಣ ಅಂತರ ಹೆಚ್ಚುಕಡಮೆ ಸೆಕೆಂಡಿನ ಲಕ್ಷದಲ್ಲೊಂದು ಭಾಗ. ಈ ವಿಧಾನವನ್ನು ೨೦೦೩ರಲ್ಲಿ ಬಳಕೆಗೆ ತಂದವರು ಇಟಲಿಯ ಯಾಕೊಬೆಲ್ಲಿಸ್ ಮತ್ತು ಸಂಗಡಿಗರು. ಹೃದಯದ ಮೇಲಿನ ಪದರ ದಪ್ಪವಾಗಿದ್ದವರಲ್ಲಿ ಹೊಟ್ಟೆಯೊಳಗಿನ ಕೊಬ್ಬೂ ಹೆಚ್ಚಾಗಿರುವುದು ಕಂಡುಬಂತು.

ಈ ಪದರ ಸ್ಥಿರವಾದುದಲ್ಲ. ೨೦೧೭ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ, ಮೆಟ್‌ಫಾರ್ಮಿನ್ನಿನ ಜೊತೆಗೆ ಲಿರಾಗ್ಲುಟೈಡ್ ಎಂಬ ಔಷಧಿಯನ್ನೂ ಪಡೆದ ಮಧುಮೇಹಿಗಳಲ್ಲಿ ಸರಾಸರಿ ದಪ್ಪವು ಆರು ತಿಂಗಳಲ್ಲಿ ೯.೬ ಮಿಲಿಮೀಟರಿನಿಂದ ೬.೨ಕ್ಕೆ ಇಳಿಯಿತು. ಮೆಟ್‌ಫಾರ್ಮಿನ್ ಒಂದನ್ನೇ ಪಡೆದವರಲ್ಲಿ ಇಂತಹ ಇಳಿಕೆ ಕಾಣಲಿಲ್ಲ.